ಯಾವ ದೇವರು ಇದ್ದಾನೆ, ಯಾವ ದೇವರು ಇಲ್ಲ

1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆ ಪ್ರಸ್ತಾವನೆಯ ಮಾತುಗಳನ್ನು ಕೈಗೆತ್ತಿಕೊಂಡಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಅದು ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ದೇವರನ್ನು ನಂಬದವರು ಎದ್ದು ವಿರೋಧಿಸಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ನಂಬುವವರ ಕಡೆಯಿಂದಲೇ ತಕರಾರು ಬಂತು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ, ಕಾಮಾಖ್ಯೆಯನ್ನು ಪೂಜಿಸುವ ನಾಡಿನವರಾಗಿ, ದೇವರ ಹೆಸರು ಹೇಳುವುದಾದರೆ ದೇವಿಯನ್ನು ಬಿಡುವುದು ಹೇಗೆ ಎಂದು ಕೇಳಿದರು. ಒಳಮನಸ್ಸಿನ ಇಂಥ ವಿಷಯವನ್ನು ಎಲ್ಲರ ಮೇಲೆ ಹೇರುವುದು ತರವಲ್ಲ ಎಂಬುದು ಹೃದಯನಾಥ ಕುಂಜ್ರು ಅವರ ನಿಲುವು. ಮತಕ್ಕೆ ಹಾಕಿದಾಗ ತಿದ್ದುಪಡಿ 41–68ರಲ್ಲಿ ಬಿದ್ದುಹೋಯಿತು. ದೇವರಿದ್ದಾನೋ ಇಲ್ಲವೋ ಎಂಬ ಜಗಳ ಅಲ್ಲಿ ಮುಖ್ಯವಾಗಲೇ ಇಲ್ಲ. ಯಾವ ದೇವರು, ಯಾರ ದೇವರು ಎಂಬಲ್ಲೇ ಸಭೆ ಎರಡಾಯಿತು.

ಅದೇ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರಿನ ಬಡಾವಣೆ ದಾವಣಗೆರೆಯಲ್ಲಿದೆ. ಅಂಥ ಒಂದು ಬಡಾವಣೆಯಲ್ಲಿ ಮನೆಮನೆಗೆ ಹೋಗಿ ದೇವರಿದ್ದಾನೆಯೇ ಎಂದು ಕೇಳಿದರೆ ಬಹುಪಾಲು ಇದ್ದಾನೆ ಎಂಬ ಉತ್ತರವೇ ಬಂದೀತು. ಅಮೆರಿಕದ ಪಿಯೂ ಸಂಶೋಧನಾ ಕೇಂದ್ರ 2019–20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಮಾತಾಡಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 97 ಮಂದಿ ದೇವರನ್ನು ನಂಬುತ್ತೇವೆ ಎಂದಿದ್ದರು. ಎಂಥ ದೇವರು ಎಂಬ ಮುಂದಿನ ಪ್ರಶ್ನೆಗೆ ಬಂದ ಕೂಡಲೇ ಈ ಒಮ್ಮತ ಚೂರಾಗುತ್ತದೆ. ಹಿಂದೂಗಳಲ್ಲೇ ಶೇ. 61 ಮಂದಿಗೆ ದೇವರು ಒಬ್ಬ, ರೂಪ ಹಲವು, ಶೇ. 29 ಮಂದಿಗೆ ಒಬ್ಬನೇ ದೇವರು, ಶೇ. 7 ಮಂದಿಗೆ ದೇವರುಗಳೇ ಹಲವರು. ಬೌದ್ಧರಲ್ಲಿ ಮೂರನೇ ಒಂದು ಭಾಗದವರು ದೇವರೇ ಇಲ್ಲ ಎಂದರು. ಇದೆ–ಇಲ್ಲ ಎಂಬ ವಾದ ಎಷ್ಟೇ ಜೋರಾಗಿ ಕೇಳಿಸಿದರೂ ಅದು ಎರಡನೆಯ ವಾದ. ದೇವರೆಂದರೆ ಏನು ಎಂಬುದು ಮೊದಲನೆಯದು. ಇದನ್ನು ಬಿಟ್ಟು ಅದನ್ನು ಹಿಡಿದವರು ಒಬ್ಬರನ್ನೊಬ್ಬರು ತಾಕದೆ ವಾದಿಸುತ್ತಾರೆ. ಕನ್ನಡ ನಾಡಿನ ಎಂಟು ನೂರು ವರ್ಷಗಳ ಚರ್ಚೆಯನ್ನು ಹೀಗೆ ಓದಿದರೆ ಅನೇಕ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಎಲ್ಲವೂ ಅಲ್ಲ.

ಹರಿಹರದ ವಿಗ್ರಹ, ಮೇಲುಕೋಟೆಯ ಆಕ್ಷೇಪ

ತುಂಗಭದ್ರೆಗೆ ಹರಿದ್ರಾ ಹಳ್ಳ ಕೂಡುವ ಊರು ಹರಿಹರ. ಹಳೆಯ ಹೆಸರು ಕೂಡಲೂರು. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ, ದಂಡನಾಯಕ ಪೊಲಾಳ್ವ ಇಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಮೂರ್ತಿ ಅರ್ಧ ಹರಿ, ಅರ್ಧ ಹರ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾಯದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಎನ್ನುತ್ತದೆ ಸ್ಥಳಪುರಾಣ. ಶೈವ–ವೈಷ್ಣವರ ಕಾದಾಟದ ಕಾಲದಲ್ಲಿ ಇದು ದೊಡ್ಡ ಮಾತು. ಆದರೆ ಈ ಒಪ್ಪಂದದ ಮಿತಿಯನ್ನೂ ಗಮನಿಸಬೇಕು. ಇಬ್ಬರು ದೇವರನ್ನು ಒಂದು ಮಾಡಿದ ಶಿಲ್ಪಿಗೆ, ಜಗತ್ತನ್ನು ಮಾಡಿದವನೇ ಇಲ್ಲ ಎನ್ನುವವನನ್ನು ಅದರಲ್ಲಿ ಸೇರಿಸಲು ಜಾಗವಿರಲಿಲ್ಲ. ಹಾಗೆ ಹೇಳುವವರು ಹೊರಗಿನವರೇನೂ ಆಗಿರಲಿಲ್ಲ. ಕನ್ನಡದ ಮೊದಲ ದೊಡ್ಡ ಕವಿಗಳನ್ನು ಕೊಟ್ಟ ಜೈನರ ಮತದಲ್ಲಿ ಲೋಕ ಅನಾದಿ, ಕರ್ಮ ತನ್ನಷ್ಟಕ್ಕೆ ಫಲ ಕೊಡುತ್ತದೆ, ತೀರ್ಥಂಕರರು ಪೂಜ್ಯರೇ ಹೊರತು ಸೃಷ್ಟಿಕರ್ತರಲ್ಲ. ಸೃಷ್ಟಿಕರ್ತನನ್ನು ನಿರಾಕರಿಸುವುದು ಪಶ್ಚಿಮದಿಂದ ಬಂದ ಸರಕು ಎಂಬ ಮಾತನ್ನು ಶ್ರವಣಬೆಳಗೊಳ ಇರುವ ನಾಡಿನಲ್ಲಿ ಆಡುವುದು ಕಷ್ಟ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿದಾಗ ಬುಕ್ಕರಾಯ ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ ಶಾಸನ ಬರೆಸಿದ. ಬೀದಿಯ ಶಾಂತಿಗೆ ಅದು ಸಾಕಾಯಿತು. ಆದರೆ ದರ್ಶನಗಳ ನಡುವಿನ ಭೇದ ಇದ್ದಲ್ಲೇ ಇತ್ತು.

ಪಂಡಿತರ ನಡುವಿನ ವಾದ ಇನ್ನೂ ಬಿಗಿ. ಮಡಕೆಗೆ ಕುಂಬಾರ ಇರುವಂತೆ ಜಗತ್ತಿಗೂ ಕರ್ತನಿರಬೇಕು ಎಂಬುದು ನ್ಯಾಯ ದರ್ಶನದ ತರ್ಕ. ಉದಯನನ ‘ನ್ಯಾಯಕುಸುಮಾಂಜಲಿ’ ಅದರ ಶಿಖರ. ಇದನ್ನು ಮುರಿದವರು ಚಾರ್ವಾಕರು, ಬೌದ್ಧರು, ಜೈನರು ಮಾತ್ರ ಎಂದುಕೊಳ್ಳುತ್ತೇವೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರೂ ‘ಶ್ರೀಭಾಷ್ಯ’ದಲ್ಲಿ ಅದನ್ನು ಒಪ್ಪಲಿಲ್ಲ. ನಾವು ಕಂಡ ಕರ್ತರಿಗೆಲ್ಲ ದೇಹವಿದೆ. ದೊಡ್ಡ ಕಟ್ಟಡಗಳನ್ನು ಹಲವರು ಸೇರಿ ಕಟ್ಟುತ್ತಾರೆ. ಬೆಟ್ಟ, ಕಡಲು ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವು ಎನ್ನಲು ಗುರುತೇನು? ಅನುಮಾನ ಪ್ರಮಾಣದಿಂದ ದೇವರನ್ನು ಸಾಧಿಸಲಾಗದು, ಶಾಸ್ತ್ರವೊಂದೇ ದಾರಿ ಎಂದು ಅವರು ತೀರ್ಮಾನಿಸಿದರು. 1779ರಲ್ಲಿ ಅಚ್ಚಾದ ಡೇವಿಡ್ ಹ್ಯೂಮನ ಸಂವಾದಗಳಲ್ಲಿ ಹೆಚ್ಚುಕಡಿಮೆ ಇವೇ ಆಕ್ಷೇಪಗಳಿವೆ. ಹ್ಯೂಮ್ ಅವುಗಳಿಂದ ಸಂಶಯಕ್ಕೆ ಹೋದ, ರಾಮಾನುಜರು ಭಕ್ತಿಗೆ ಹೋದರು. ಒಂದೇ ತರ್ಕ ಇಬ್ಬರನ್ನು ವಿರುದ್ಧ ದಿಕ್ಕಿಗೆ ಒಯ್ದಿದೆಯೆಂದರೆ, ಅವರ ನಿಲುವನ್ನು ನಿರ್ಧರಿಸಿದ್ದು ಆ ತರ್ಕವಲ್ಲ. ಕುಂಬಾರನಂಥ ದೇವರು ರಾಮಾನುಜರಿಗೆ ಬೇಕಿರಲೇ ಇಲ್ಲ.

ದುಃಖದ ಪ್ರಶ್ನೆಯಲ್ಲೂ ಹೀಗೆಯೇ. ಲೋಕದಲ್ಲಿ ಇಷ್ಟು ಅಸಮತೆ, ಇಷ್ಟು ನೋವು ಇದ್ದರೆ ದೇವರು ಪಕ್ಷಪಾತಿಯೇ, ಕ್ರೂರಿಯೇ ಎಂದು ಬ್ರಹ್ಮಸೂತ್ರವೇ ಕೇಳಿಕೊಂಡು, ಅವನು ಜೀವಿಗಳ ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎಂದು ಉತ್ತರಿಸುತ್ತದೆ. ಜೈನರೂ ಮೀಮಾಂಸಕರೂ ಇಲ್ಲಿ ಹಿಡಿದುಕೊಳ್ಳುತ್ತಾರೆ: ಕರ್ಮವೇ ಫಲ ಕೊಡುವುದಾದರೆ ನಡುವೆ ಅವನೇಕೆ? ಹದಿಮೂರನೇ ಶತಮಾನದ ಉಡುಪಿಯ ಮಧ್ವರು ಇನ್ನೊಂದು ಹೆಜ್ಜೆ ಇಟ್ಟರು. ಜೀವರ ಸ್ವಭಾವವೇ ಮೂಲದಲ್ಲಿ ಬೇರೆಬೇರೆ, ಕೆಲವರು ಎಂದೂ ಮುಕ್ತಿಗೆ ಸಲ್ಲದವರು. ಇದರಿಂದ ದೇವರ ಮೇಲಿನ ದೂರು ತೀರುತ್ತದೆ ನಿಜ, ಆದರೆ ಅವನ ಕರುಣೆಗೂ ಗಡಿ ಬೀಳುತ್ತದೆ.

ಅಂಗೈಯ ಲಿಂಗ, ಬಯಲು

ಈ ಸೀಮೆಯಲ್ಲಿ ದೇವರ ಸ್ವರೂಪದ ಚರ್ಚೆಯನ್ನು ಪಂಡಿತರ ಕೈಯಿಂದ ಜನರ ಬಾಯಿಗೆ ತಂದವರು ಹನ್ನೆರಡನೇ ಶತಮಾನದ ಶರಣರು. ಬಸವಣ್ಣನ ಕೂಡಲಸಂಗಮದೇವ ಮಾತಾಡಿಸಬಹುದಾದ ದೇವರು. ಅವನನ್ನು ಬೇಡಬಹುದು, ಬೈಯಬಹುದು, ಅವನ ಮುಂದೆ ತಪ್ಪೊಪ್ಪಿಕೊಳ್ಳಬಹುದು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ ಗಂಡ. ಅಲ್ಲಮನ ಗುಹೇಶ್ವರ ಮಾತ್ರ ಹಿಡಿದಷ್ಟೂ ಜಾರುತ್ತಾನೆ. ರೂಪ, ಸ್ಥಾನ, ಹೆಸರು ಒಂದೊಂದಾಗಿ ಕಳಚಿ ಕೊನೆಗೆ ಬಯಲು ಉಳಿಯುತ್ತದೆ, ಆ ಬಯಲಿನಲ್ಲಿ ಪೂಜಿಸುವವನೂ ಉಳಿಯುವುದಿಲ್ಲ. ಈ ಮೂವರನ್ನೂ ಒಂದೇ ಪಂಥದವರು ಎನ್ನುತ್ತೇವೆ. ಮೂವರೂ ಒಂದೇ ದೇವರನ್ನು ನಂಬಿದ್ದರು ಎಂದು ಹೇಳಲು ಮಾತ್ರ ಧೈರ್ಯ ಬೇಕು. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ ಈ ಭೇದವನ್ನು ಮುಚ್ಚಿಡುವುದಿಲ್ಲ. ಅಲ್ಲಮ ಸೊನ್ನಲಿಗೆಗೆ ಹೋಗಿ ಕೆರೆ ಕಟ್ಟಿ ಗುಡಿ ಕಟ್ಟುತ್ತಿದ್ದ ಸಿದ್ಧರಾಮನನ್ನು ಕೆಣಕುತ್ತಾನೆ, ಕಲ್ಯಾಣಕ್ಕೆ ಬಂದು ಬಸವಣ್ಣನನ್ನೂ ಪರೀಕ್ಷಿಸುತ್ತಾನೆ. ಭಿನ್ನ ನಂಬಿಕೆಗಳನ್ನು ಮುಖಾಮುಖಿ ಕೂರಿಸಿ ಮಾತಾಡಿಸುವ ಈ ರೂಪ ಕನ್ನಡದ ದೊಡ್ಡ ಸಾಧನೆ. ಹರಿಹರದ ವಿಗ್ರಹ ಭೇದವನ್ನು ಬೆಸೆಯಿತು, ‘ಶೂನ್ಯಸಂಪಾದನೆ’ ಅದನ್ನು ವಾದಕ್ಕೆ ಇಟ್ಟಿತು.

ಇಷ್ಟಲಿಂಗ ಅಂಗೈಗೆ ಬಂದದ್ದರಿಂದ ಆದ ಬದಲಾವಣೆ ಸಣ್ಣದಲ್ಲ. ದೇವರು ಊರಿನ ಸ್ಥಳವೊಂದರಲ್ಲಿ, ಪೂಜಾರಿಯ ಕೀಲಿಕೈಯಲ್ಲಿ ಇರುವವನಲ್ಲ ಎಂದಾಯಿತು. ಆದರೆ ಆ ಲಿಂಗ ಯಾವುದರ ಕುರುಹು? ಆಗಮಗಳ, ಕೈಲಾಸದ ಶಿವನದೇ, ಅಥವಾ ಪುರಾಣದ ಶಿವನಿಗೆ ಸಂಬಂಧವಿಲ್ಲದ ನಿರಾಕಾರದ್ದೇ? ಪಂಚಾಚಾರ್ಯ ಪರಂಪರೆ ಮೊದಲನೆಯ ಕಡೆ ವಾಲುತ್ತದೆ. ಬಸವಣ್ಣನನ್ನೇ ಧರ್ಮಗುರು ಎನ್ನುವವರು ಎರಡನೆಯ ಕಡೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ ಮೇಲೆ ವಚನಗಳು ಎಲ್ಲರ ಕೈಗೆ ಸಿಕ್ಕವು, ವಾದಕ್ಕೂ ಪುರಾವೆ ಒದಗಿತು. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್‌ದಾಸ್ ಸಮಿತಿಯ ವರದಿಯ ಮೇಲೆ ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ನೀಡಲು ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಪತ್ರಿಕೆಗಳ ತುಂಬ ಮೀಸಲಾತಿಯ, ಚುನಾವಣೆಯ ಲೆಕ್ಕವೇ ಇತ್ತು. ಅದರ ಅಡಿಯಲ್ಲಿದ್ದ ದೇವರ ಸ್ವರೂಪದ ಪ್ರಶ್ನೆಯನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಜಾತ್ರೆಯ ದೇವರು

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಪ್ರತಿ ಸಲವೂ ಕೋಣದ ಬಲಿಯ ಮಾತು ಏಳುತ್ತದೆ, 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ನೆನಪು ಮಾಡಲಾಗುತ್ತದೆ. ತುಂಗಭದ್ರೆಯ ಕೆಳದಂಡೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ವೇಳೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಅದರಲ್ಲಿ ರೈತ ಮಳೆ ಬೆಳೆ ಹುಡುಕಿದರೆ ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಇಗರ್ಜಿಗೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಈ ದೇವರುಗಳ ಬಳಿ ಬರುವ ಹೆಚ್ಚಿನವರಿಗೆ ಬೇಕಾದದ್ದು ಸೃಷ್ಟಿಯ ವಿವರಣೆಯಲ್ಲ. ಕೇಳಿಸಿಕೊಳ್ಳುವ, ಕೊಡುವ, ಮರೆತರೆ ಮುನಿಯುವ ಶಕ್ತಿಯ ಜತೆ ವ್ಯವಹಾರ ಬೇಕು.

ಇದನ್ನು ಕೆಳಹಂತದ ನಂಬಿಕೆ ಎಂದು ತಳ್ಳಿಹಾಕುವ ಚಾಳಿ ವೇದಾಂತಿಗಳಲ್ಲೂ ವಿಚಾರವಾದಿಗಳಲ್ಲೂ ಒಂದೇ ತರಹ ಇದೆ. ತರ್ಕದ ದೃಷ್ಟಿಯಿಂದ ನೋಡಿದರೆ ಈ ದೇವರಿಗೆ ಒಂದು ವಿಚಿತ್ರ ಬಲವಿದೆ. ಊರಮ್ಮ ಸರ್ವಶಕ್ತೆ, ಸದಾ ಕರುಣಾಮಯಿ ಎಂದು ಯಾರೂ ಹೇಳಿಕೊಂಡಿಲ್ಲ. ಬೇನೆ ತರುವವಳೂ ಅವಳೇ, ತೆಗೆಯುವವಳೂ ಅವಳೇ. ಹಾಗಾಗಿ ಕರುಣಾಮಯಿ ದೇವರಿದ್ದೂ ಮಗು ಏಕೆ ಸತ್ತಿತು ಎಂಬ ಪ್ರಶ್ನೆ ಅವಳನ್ನು ಮುಟ್ಟುವುದೇ ಇಲ್ಲ. ಅವಳ ದುರ್ಬಲ ಜಾಗ ಬೇರೆ. ಕೊಡುತ್ತೇನೆ ಎಂದದ್ದನ್ನು ಕೊಟ್ಟಳೇ ಎಂದು ಲೆಕ್ಕ ನೋಡಬಹುದು. ಬೇಡಿದವರೆಷ್ಟು, ಫಲ ಸಿಕ್ಕವರೆಷ್ಟು, ಬೇಡದೆಯೂ ಫಲ ಸಿಕ್ಕವರೆಷ್ಟು ಎಂದು ಎಣಿಸಹೊರಟರೆ ಹರಕೆಯ ದೇವರು ಪರೀಕ್ಷೆಗೆ ಸಿಗುತ್ತಾಳೆ.

ಇಲ್ಲ ಎಂದವರು

ಕನ್ನಡದಲ್ಲಿ ಇಲ್ಲ ಎಂದವರೆಲ್ಲ ಒಂದೇ ದೇವರನ್ನು ಅಲ್ಲಗಳೆಯಲಿಲ್ಲ. ಎ.ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ, 1991ರಲ್ಲಿ, ಪ್ರಕಟಿಸಿದ ‘ದೇವರು’ ಕೃತಿಯ ಗುರಿ ಲೋಕವನ್ನು ಸೃಷ್ಟಿಸಿ ನ್ಯಾಯದಿಂದ ಆಳುವ, ಎಲ್ಲ ಬಲ್ಲ, ಎಲ್ಲ ಮಾಡಬಲ್ಲ ದಯಾಮಯ. ಜಗತ್ತಿನ ನೋವನ್ನು ಅವನ ಎದುರಿಗಿಟ್ಟು ಅವರು ಸಮಾಧಾನದ ದನಿಯಲ್ಲಿ ವಾದಿಸುತ್ತಾರೆ. ಎಚ್. ನರಸಿಂಹಯ್ಯನವರ ಗುರಿ ಬೇರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಪವಾಡವನ್ನು ಪರೀಕ್ಷೆಗೆ ಒಡ್ಡಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಅವರ ಪ್ರಶ್ನೆ ತಾಕುವುದು ಲೋಕದಲ್ಲಿ ಕೈಹಾಕಿ ಕೆಲಸ ಮಾಡುವ ದೈವಶಕ್ತಿಗೆ. ಶಿವರಾಮ ಕಾರಂತರು 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಇನ್ನೊಂದು ದಾರಿ ಹಿಡಿದರು. ಅಜ್ಜಿಯ ಕಣ್ಣಿಗೆ ಕಾಣುವ ಕಾಲಕಾಲದ ಮನುಷ್ಯರು ತಮ್ಮ ಭಯ, ಬಯಕೆಗೆ ತಕ್ಕ ದೇವರುಗಳನ್ನು ಮಾಡಿಕೊಳ್ಳುತ್ತ ಹೋಗುತ್ತಾರೆ. ಕುವೆಂಪು ಪುರೋಹಿತಶಾಹಿಯ ಮೇಲೆ ಎಲ್ಲರಿಗಿಂತ ಕಟುವಾಗಿ ಬಿದ್ದರೂ ರಾಮಕೃಷ್ಣ–ವಿವೇಕಾನಂದರ ಜೀವನಚರಿತ್ರೆ ಬರೆದ ಅಧ್ಯಾತ್ಮವಾದಿ. ಅವರನ್ನು ನಾಸ್ತಿಕರ ಪಟ್ಟಿಗೆ ಸೇರಿಸುವುದು ಪಟ್ಟಿ ಉದ್ದ ಮಾಡುವವರ ಆತುರ.

ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ (1938–1997) ಕಟ್ಟಿದ ದಲಿತ ಸಂಘರ್ಷ ಸಮಿತಿಯ ನಿರಾಕರಣೆಗೆ ಮೇಲಿನ ಯಾವ ಚೌಕಟ್ಟೂ ಸಾಲದು. 1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೂ, ಹಲ್ಲೆಯಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅಲ್ಲಿ ಎದ್ದದ್ದು ರೇಣುಕಾಂಬೆ ಇದ್ದಾಳೋ ಇಲ್ಲವೋ ಎಂಬುದಕ್ಕಿಂತ, ಬಡ ದಲಿತ, ಹಿಂದುಳಿದ ಹೆಣ್ಣಿನ ಮಾನವನ್ನು ಕೇಳುವ ದೇವರು ಪೂಜೆಗೆ ಅರ್ಹವೇ ಎಂಬ ಪ್ರಶ್ನೆ. ಯು.ಆರ್. ಅನಂತಮೂರ್ತಿ ಈ ಘಟನೆಯ ಕುರಿತು ಬರೆಯುತ್ತ, ಆಧುನಿಕರ ಖಚಿತತೆಯನ್ನೂ ಪ್ರಶ್ನಿಸಿದರು. ಅವರ ಅಳುಕು ಪ್ರಾಮಾಣಿಕವಾದದ್ದು. ಆದರೂ ಬೆತ್ತಲಾಗಬೇಕಿದ್ದವರ ಕಡೆಯಿಂದ ನೋಡಿದರೆ ಕೃಷ್ಣಪ್ಪನವರ ಪಕ್ಷವೇ ಗಟ್ಟಿ.

ಈಗ ಒಟ್ಟಿಗೆ ಇಟ್ಟು ನೋಡಬಹುದು. ಮೂರ್ತಿರಾಯರ ವಾದ ದಯಾಮಯ ಸರ್ವಶಕ್ತನಿಗೆ ಬಲವಾಗಿ ತಾಕುತ್ತದೆ, ದುಗ್ಗಮ್ಮನಿಗೆ ತಾಕುವುದಿಲ್ಲ. ನರಸಿಂಹಯ್ಯನವರ ಪರೀಕ್ಷೆ ಹರಕೆ, ಪವಾಡಗಳ ದೇವರಿಗೆ ತಾಕುತ್ತದೆ, ಉಡುಪಿಯ ವಿಷ್ಣುತತ್ತ್ವಕ್ಕೆ ಅಷ್ಟಾಗಿ ಅಲ್ಲ. ಅಲ್ಲಮನ ಬಯಲಿಗೆ ಎರಡೂ ತಾಕವು. ಆದರೆ ಅದರ ಬೆಲೆ ದೊಡ್ಡದು: ಬಯಲಿನ ಮುಂದೆ ಬೇಡಿಕೊಳ್ಳುವುದಕ್ಕೇನೂ ಇಲ್ಲ. ವಾದದಿಂದ ದೂರವಾದಷ್ಟೂ ದೇವರು ಭಕ್ತನಿಂದಲೂ ದೂರವಾಗುತ್ತಾನೆ.

ನಂಬಿಕೆಯ ಹುಟ್ಟು

ಇನ್ನೊಂದು ಪಂಥ ಸರಿ–ತಪ್ಪಿಗೆ ಹೋಗದೆ, ನಂಬಿಕೆ ಏಕೆ ಹುಟ್ಟುತ್ತದೆ ಎಂದು ಕೇಳುತ್ತದೆ. ಸಮಾಜ ತನ್ನನ್ನೇ ಪೂಜಿಸಿಕೊಳ್ಳುತ್ತದೆ ಎಂದ ಡರ್ಕ್‌ಹೈಮ್ (1912), ಅಸಹಾಯಕ ಮನುಷ್ಯ ತಂದೆಯನ್ನು ಆಕಾಶದಲ್ಲಿ ಹುಡುಕುತ್ತಾನೆ ಎಂದ ಫ್ರಾಯ್ಡ್ (1927), ಎಲ್ಲೆಲ್ಲೂ ಯಾರೋ ಇದ್ದಾರೆಂದು ಊಹಿಸುವ ಮನಸ್ಸಿನ ಸಹಜ ಗುಣವೇ ಮೂಲ ಎಂದ ಪ್ಯಾಸ್ಕಲ್ ಬೋಯರ್ (2001) ಈ ಸಾಲಿನವರು. ಎರಡು ವರ್ಷಕ್ಕೊಮ್ಮೆ ಊರೆಲ್ಲ ಒಂದಾಗುವ ದುಗ್ಗಮ್ಮನ ಜಾತ್ರೆಗೆ ಡರ್ಕ್‌ಹೈಮನ ಮಾತು ಚೆನ್ನಾಗಿ ಹೊಂದುತ್ತದೆ. ಊರನ್ನೇ ಬಿಟ್ಟು ಹೊರಟ ಅಕ್ಕನಿಗೆ ಹೊಂದುವುದಿಲ್ಲ. ನಂಬಿಕೆಯ ಹುಟ್ಟನ್ನು ವಿವರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದೂ ಇಲ್ಲ. ಲೋಕದ ಎಲ್ಲ ಕಡೆ ನಂಬಿಕೆ ಇದೆ, ಆದ್ದರಿಂದ ದೇವರಿದ್ದಾನೆ ಎಂಬ ವಾದಕ್ಕೆ ಮಾತ್ರ ಅದರಿಂದ ಪೆಟ್ಟು ಬೀಳುತ್ತದೆ.

ಮೂರು ಆಕ್ಷೇಪ

ಸ್ವರೂಪವನ್ನು ಮೊದಲು ಕೇಳಬೇಕೆಂಬುದು ತಪ್ಪಿಸಿಕೊಳ್ಳುವ ದಾರಿ ಎಂಬ ಆಕ್ಷೇಪ ಬಲವಾದದ್ದು. ಪ್ರತಿ ಪೆಟ್ಟಿಗೂ ನನ್ನ ದೇವರು ಹಾಗಲ್ಲ ಎನ್ನುತ್ತ ಹೋದರೆ ಕೊನೆಗೆ ಆ ಹೇಳಿಕೆಯಲ್ಲಿ ತಿರುಳೇ ಉಳಿಯುವುದಿಲ್ಲ ಎಂದು ಆಂಟನಿ ಫ್ಲೂ 1950ರಲ್ಲಿ ವಾದಿಸಿದ್ದರು. ಸರಿಯಾದ ಮಾತು. ಅದಕ್ಕೇ ನಂಬುವವರು ತಮ್ಮ ದೇವರ ಸ್ವರೂಪವನ್ನು ವಾದಕ್ಕೆ ಮುಂಚೆ ಹೇಳಬೇಕು, ಪೆಟ್ಟು ಬಿದ್ದ ಮೇಲೆ ಬದಲಿಸಬಾರದು. ಬೆಳಿಗ್ಗೆ ಪರೀಕ್ಷೆಯಲ್ಲಿ ಮಗ ಪಾಸಾಗಲೆಂದು ಹರಕೆ ಹೊತ್ತು, ಸಂಜೆ ವಾದದಲ್ಲಿ ದೇವರು ನಿರ್ಗುಣ ಎನ್ನುವವರು ಎರಡು ದೇವರನ್ನು ಇಟ್ಟುಕೊಂಡಿದ್ದಾರೆ. ಎರಡನೆಯ ಆಕ್ಷೇಪ ಮಾನವಶಾಸ್ತ್ರಜ್ಞರಿಗೆ ಪ್ರಿಯ: ನಮ್ಮಲ್ಲಿ ಧರ್ಮವೆಂದರೆ ಆಚರಣೆ, ಅಭಿಪ್ರಾಯವಲ್ಲ. ದೀಪ ಹಚ್ಚುವ ಸೊಸೆಗೆ ದೇವರ ಬಗ್ಗೆ ಸಿದ್ಧಾಂತವಿರಬೇಕಿಲ್ಲ, ನಿಜ. ಆದರೆ ಹರಕೆ ಹೊರುವುದರಲ್ಲೇ ಯಾರೋ ಕೇಳಿಸಿಕೊಳ್ಳುತ್ತಾರೆ ಎಂಬ ಹೇಳಿಕೆ ಅಡಗಿದೆ. ಅದು ಇಲ್ಲವೆಂದು ಗಟ್ಟಿಯಾಗಿ ಅನ್ನಿಸಿದವರು ದೀಪ ಹಚ್ಚಿಯಾರು, ಹರಕೆ ಹೊರಲಾರರು. ಮೂರನೆಯದು, ಎಲ್ಲ ಒಂದೇ ಎಂಬ ಜನಪ್ರಿಯ ಉತ್ತರ. ಪಿಯೂ ವರದಿಯ ಶೇ. 61ರ ಹಿಂದೆ ಇರುವುದೂ ಅದೇ. ಗೋವಿಂದಭಟ್ಟರ ಶಿಷ್ಯನಾದ ಶಿಶುನಾಳ ಶರೀಫ (1819–1889) ಅದರ ಅತ್ಯಂತ ಪ್ರೀತಿಯ ಸಾಕ್ಷಿ. ಕೂಡಿ ಬಾಳಲು ಇದಕ್ಕಿಂತ ಒಳ್ಳೆಯ ಮನೋಭಾವ ಇಲ್ಲ. ಸಿದ್ಧಾಂತವಾಗಿ ನೋಡಿದರೆ, ಜೀವ–ದೇವರ ಭೇದ ನಿತ್ಯ ಎನ್ನುವ ಮಧ್ವರನ್ನೂ, ಕರ್ತನೇ ಇಲ್ಲ ಎನ್ನುವ ಜೈನರನ್ನೂ, ಅಲ್ಲಾಹನಿಗೆ ಸಹಭಾಗಿಗಳಿಲ್ಲ ಎನ್ನುವ ಮುಸ್ಲಿಮರನ್ನೂ ನೀವು ಹೇಳುತ್ತಿರುವುದು ನಿಮಗೇ ಗೊತ್ತಿಲ್ಲ ಎಂದು ತಿದ್ದುವ ಮತ ಅದು. ಹಾಗಾಗಿ ಅದನ್ನು ಉಳಿದ ಮತಗಳ ಸಾಲಿನಲ್ಲೇ ಒಂದಾಗಿ ಎಣಿಸಬೇಕಾಗುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಶರಣರ ಬಯಲು ದೇವರ ಒಂದು ಬಗೆಯೇ, ದೇವರೆಂಬ ಕಲ್ಪನೆಯ ಅಂತ್ಯವೇ ಎಂಬುದು ಇನ್ನೂ ವಾದದಲ್ಲಿದೆ. ಡಿ.ಆರ್. ನಾಗರಾಜ್ ಅವರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ (1999) ಅಲ್ಲಮನನ್ನು ಶೈವ ಪರಂಪರೆಗಳ ದೊಡ್ಡ ನಕ್ಷೆಯಲ್ಲಿಟ್ಟು ಓದಿತು. ಬೌದ್ಧ ಶೂನ್ಯಕ್ಕೆ ಹತ್ತಿರವಿಟ್ಟು ಓದುವವರೂ ಇದ್ದಾರೆ. ನೋವಿನ ಪ್ರಶ್ನೆಗೆ ಕರ್ಮದ ಉತ್ತರ ತರ್ಕಕ್ಕೆ ಒಗ್ಗಿದರೂ, ಹುಟ್ಟಿನಿಂದಲೇ ತುಳಿಸಿಕೊಂಡವರಿಗೆ ಅದನ್ನು ಹೇಳುವುದು ನ್ಯಾಯವೇ ಎಂಬ ಕೃಷ್ಣಪ್ಪನವರ ಕಡೆಯ ಸವಾಲಿಗೆ ಆಸ್ತಿಕರ ಯಾವ ಪಂಥವೂ ತೃಪ್ತಿಕರ ಜವಾಬು ಕೊಟ್ಟಿಲ್ಲ. ನಂಬದವರು ಎಷ್ಟು ಮಂದಿ ಎಂಬುದೂ ಮಸುಕು: 2011ರ ಜನಗಣತಿಯಲ್ಲಿ ನಾಸ್ತಿಕರೆಂದು ದಾಖಲಾದವರು ದೇಶಕ್ಕೆಲ್ಲ ಸುಮಾರು 33,000, ಧರ್ಮ ಹೇಳದವರು 28 ಲಕ್ಷಕ್ಕೂ ಹೆಚ್ಚು. ಧರ್ಮದ ಕಾಲಂ ನಂಬಿಕೆಯನ್ನು ಕೇಳುವುದಿಲ್ಲ, ಹುಟ್ಟಿದ ಮನೆಯನ್ನು ಕೇಳುತ್ತದೆ.

ಕಾನೂನು ಇಲ್ಲಿ ಎರಡು ದಾರಿ ಹಿಡಿದಿದೆ. ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ, ದೇವರನ್ನು ಒಪ್ಪದ ಬೌದ್ಧ, ಜೈನ ಮತಗಳೂ ಧರ್ಮಗಳೇ ಎಂದಿತು. ಧರ್ಮದ ಸಾರವೇನೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದೂ ಹೇಳಿತು. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಸಿದ್ಧಾಂತದ ಗೊಡವೆಗೆ ಹೋಗದೆ, ಮೈಗೂ ಮಾನಕ್ಕೂ ಹಾನಿ ಮಾಡುವ ಆಚರಣೆಯಲ್ಲಿ ಗೆರೆ ಎಳೆಯಿತು. ಎರಡನೆಯದು ಹೆಚ್ಚು ವಿವೇಕದ ದಾರಿ ಎಂದು ತೋರುತ್ತದೆ. ಆದರೆ ಮಠಗಳ ಆಡಳಿತದ, ಅಲ್ಪಸಂಖ್ಯಾತ ಮಾನ್ಯತೆಯ ಮೊಕದ್ದಮೆಗಳು ಮೊದಲನೆಯ ದಾರಿಯಲ್ಲೇ ಬರುತ್ತವೆ. ಇಷ್ಟಲಿಂಗ ಯಾವ ದೇವರ ಕುರುಹು ಎಂಬುದನ್ನು ಪೀಠ ಹೇಳಬೇಕೇ, ವಚನದ ಪಾಠ ಹೇಳಬೇಕೇ, ಅದನ್ನು ಕಟ್ಟಿಕೊಂಡವರು ಹೇಳಬೇಕೇ, ಮೂವರೂ ಬೇರೆ ಬೇರೆ ಹೇಳಿದರೆ ನ್ಯಾಯಾಧೀಶರು ಯಾರ ಮಾತನ್ನು ದಾಖಲಿಸಿಕೊಳ್ಳಬೇಕು ಎಂಬುದಕ್ಕೆ ಸದ್ಯಕ್ಕೆ ಒಪ್ಪಿತವಾದ ನಿಯಮವಿಲ್ಲ.